ಬ್ರೇಕ್ ಒತ್ತಿದರೆ ಟೈಲ್ ಲೈಟ್ ಆರುವ ಟ್ರೇಲರ್: ಆದಿಉಡುಪಿಯ ಒಂದು ಪ್ರಕರಣ

ಫೆಬ್ರವರಿಯ ಒಂದು ಸಂಜೆ. ಐದು ಗಂಟೆ ಆಗಿರಬೇಕು. ಅಂಗಡಿ ಎದುರು ಒಂದು ಪಿಕಪ್ ಬಂದು ನಿಂತಿತು. ಹಿಂದೆ ಎರಡು ಚಕ್ರದ ಟ್ರೇಲರ್, ಅದರ ಮೇಲೆ 25 ಕೆವಿಎ ಜನರೇಟರ್. ನನ್ನ ಅಂಗಡಿ ಆದಿಉಡುಪಿಯಲ್ಲಿ, ಮಲ್ಪೆಗೆ ಹೋಗುವ ರಸ್ತೆಯ ಬದಿಯಲ್ಲಿದೆ. ಗಾಡಿಗಳ ವಯರಿಂಗ್ ಮಾಡುತ್ತೇನೆ. ಜನರೇಟರ್ ಬಾಡಿಗೆಗೆ ಕೊಡುವವರು ನಮ್ಮಲ್ಲಿ ಜಾಸ್ತಿ. ನೇಮ, ಯಕ್ಷಗಾನ, ಮದುವೆ, ಕಂಬಳ ಅಂತ ಮಳೆ ನಿಂತ ಮೇಲೆ ಮೇ ತನಕ ಅವರಿಗೆ ಬಿಡುವಿಲ್ಲ. ಸಂಜೆ ಎಳೆದುಕೊಂಡು ಹೋಗಬೇಕು, ರಾತ್ರಿಯಿಡೀ ಓಡಿಸಬೇಕು, ಬೆಳಗಿನ ಜಾವ ಮೂರೋ ನಾಲ್ಕೋ ಗಂಟೆಗೆ ಕತ್ತಲಲ್ಲೇ ವಾಪಸ್ ತರಬೇಕು. ಹಗಲಲ್ಲಿ ಓಡುವ ಟ್ರೇಲರ್ ಅಲ್ಲ ಇದು.

ಮಾಲೀಕರು ಇಳಿದವರೇ ನೇರ ಹಿಂದೆ ಹೋಗಿ ಟ್ರೇಲರಿನ ಲೈಟ್ ಮೇಲೆ ಕೈ ಇಟ್ಟರು.

"ಅಣ್ಣ, ಇದೊಂದು ಸರಿ ಮಾಡಿ ಕೊಡಿ ಮಾರಾಯ್ರೆ. ಬ್ರೇಕ್ ಒತ್ತಿದ್ರೆ ಹಿಂದಿನ ಲೈಟ್ ಆರ್ತದೆ. ಎಡದ ಇಂಡಿಕೇಟರ್ ಹಾಕಿದ್ರೆ ಎಲ್ಲ ಲೈಟೂ ಮಿಣುಕ್ತದೆ. ಮೂರು ಸಲ ಬಲ್ಬ್ ಚೇಂಜ್ ಮಾಡಿಸಿ ಆಯ್ತು."

ಹಿಂದಿನ ವಾರ ಕಟಪಾಡಿಯಿಂದ ವಾಪಸ್ ಬರುವಾಗ ಹೈವೇಯಲ್ಲಿ ಒಬ್ಬ ಬೈಕಿನ ಹುಡುಗ ಹಿಂದಿನಿಂದ ಗುದ್ದುವುದೊಂದು ಬಾಕಿ ಇತ್ತಂತೆ. ಕೊನೆ ಗಳಿಗೆಯಲ್ಲಿ ಬದಿಗೆ ಎಳೆದು ಬಚಾವಾದ. "ಅವನಿಗೆ ನಾವು ಕಾಣಲೇ ಇಲ್ಲ ಅಣ್ಣ" ಅಂದರು. ಅದನ್ನು ಹೇಳುವಾಗ ಅವರ ಸ್ವರ ಸಣ್ಣದಾಯಿತು. ಅದಕ್ಕೇ ಈ ಕೇಸನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇಂಥ ಟ್ರೇಲರ್‌ಗಳು ನಮ್ಮೂರಲ್ಲಿ ತುಂಬಾ ಇವೆ, ಎಲ್ಲದರಲ್ಲೂ ಹೆಚ್ಚುಕಡಿಮೆ ಇದೇ ಕತೆ.

ಮೊದಲು ಕೇಳಿದ ಮಾತು

ಸ್ಪ್ಯಾನರ್ ಹಿಡಿಯುವ ಮೊದಲು ಹತ್ತು ನಿಮಿಷ ಕೂತು ಕೇಳಿದೆ. ಲೈಟ್ ಯಾವಾಗ ಹೋಗುತ್ತದೆ, ಯಾವಾಗ ತಾನಾಗಿ ಬರುತ್ತದೆ, ಒಂದು ಸ್ವಿಚ್ ಹಾಕಿದರೆ ಯಾವುದೆಲ್ಲ ಉರಿಯುತ್ತದೆ. ಇದನ್ನು ಹೇಳಲು ಮಾಲೀಕರಿಗಿಂತ ಡ್ರೈವರೇ ಒಳ್ಳೆಯ ಜನ. ದಿನಾ ಕನ್ನಡಿಯಲ್ಲಿ ನೋಡುವವನು ಅವನು.

ಅವನು ಹೇಳಿದ್ದು ಇಷ್ಟು. ಹಂಪ್ ಹಾರಿದಾಗ ಕೆಲವು ಸಲ ಎಲ್ಲ ಸರಿಯಾಗುತ್ತದೆ, ಮುಂದಿನ ತಿರುವಿನಲ್ಲಿ ಮತ್ತೆ ಹೋಗುತ್ತದೆ. ಎಡದ ಇಂಡಿಕೇಟರ್ ಹಾಕಿದರೆ ಮಾತ್ರ ಕಿರಿಕಿರಿ, ಬಲದ್ದು ಹಾಕಿದರೆ ಸರಿ ಇರುತ್ತದೆ. ಬಲದ ಇಂಡಿಕೇಟರಿಗೆ ಯಾರೋ ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ಆ ಬದಿ ರಿಪೇರಿ ಆಯಿತು ಅಂತ ಅವನ ನಂಬಿಕೆ. "ಎಡಕ್ಕೂ ಅದೇ ಹಾಕಿದ್ರೆ ಆಯ್ತಲ್ಲ?" ಅಂತ ಕೇಳಿದ.

"ಫ್ಯೂಸ್ ಹೋಗ್ತದಾ?" ಅಂದೆ.

ಸ್ವಲ್ಪ ತಡೆದು ಹೇಳಿದ. "ಎರಡು ಸಲ ಹೋಗಿದೆ. ಈಗ ದೊಡ್ಡದು ಹಾಕಿದ್ದೇನೆ."

ಫ್ಯೂಸ್ ಬಾಕ್ಸ್ ತೆಗೆದು ನೋಡಿದೆ. ಪಾರ್ಕಿಂಗ್ ಲೈಟಿನ ಜಾಗದಲ್ಲಿ ಕೆಂಪು ಫ್ಯೂಸ್ ಇರಬೇಕಿತ್ತು, ಅಂದರೆ 10 ಆಂಪಿಯರ್. ಅಲ್ಲಿ ಹಳದಿ ಕೂತಿತ್ತು, 20 ಆಂಪಿಯರ್. ನನಗೆ ನಿಜವಾಗಿ ಭಯವಾದದ್ದು ಅಲ್ಲಿ. ಫ್ಯೂಸ್ ಹೋಗುವುದು ತೊಂದರೆ ಅಲ್ಲ, ತೊಂದರೆ ಇದೆ ಅಂತ ಅದು ಹೇಳುವ ಮಾತು. ದೊಡ್ಡದು ಹಾಕಿದರೆ ಆ ಮಾತು ನಿಲ್ಲುತ್ತದೆ, ಬಿಸಿ ಮಾತ್ರ ವಯರಿಗೆ ಹೋಗುತ್ತದೆ. ಈ ಟ್ರೇಲರಿನ ಲೈಟ್ ವಯರ್ ಹಾದು ಹೋಗುವುದು ಜನರೇಟರಿನ ಡೀಸೆಲ್ ಟ್ಯಾಂಕಿನ ಕೆಳಗೆ. ಹುಡುಗನಿಗೆ ಬೈಯಲಿಲ್ಲ. ಟ್ಯಾಂಕನ್ನೂ ವಯರನ್ನೂ ಬೆರಳಿಟ್ಟು ತೋರಿಸಿದೆ, ಅವನಿಗೆ ಗೊತ್ತಾಯಿತು. ಆಗಲೇ ಕೆಂಪು ಫ್ಯೂಸ್ ಹಾಕಿದೆ.

ಗಾಡಿಯದೋ ಟ್ರೇಲರಿನದೋ

ಇಂಥ ಕೇಸಲ್ಲಿ ಮೊದಲ ಕೆಲಸ ಗಾಡಿ, ಟ್ರೇಲರ್ ಅಂತ ಎರಡು ಭಾಗ ಮಾಡಿ ನೋಡುವುದು. ಟ್ರೇಲರಿನ ಪ್ಲಗ್ ಎಳೆದು ತೆಗೆದೆ. ಪಿಕಪ್ಪಿನದೇ ಲೈಟ್‌ಗಳನ್ನು ಒಂದೊಂದಾಗಿ ಹಾಕಿಸಿ ನೋಡಿದೆ. ಟೈಲ್, ಬ್ರೇಕ್, ಎರಡೂ ಇಂಡಿಕೇಟರ್ ಎಲ್ಲ ಚೊಕ್ಕ. ಅಂದರೆ ಪಿಕಪ್ಪಿನ ಸ್ವಿಚ್, ಫ್ಲಾಶರ್, ಬ್ರೇಕ್ ಸ್ವಿಚ್ ಯಾವುದನ್ನೂ ಮುಟ್ಟುವ ಅಗತ್ಯವಿಲ್ಲ. ತೊಂದರೆ ಇರುವುದು ಪಿಕಪ್ಪಿನ ಹಿಂದಿನ ಸಾಕೆಟಿನಿಂದ ಆಚೆ, ಅಥವಾ ಸಾಕೆಟಿನಲ್ಲೇ.

ಈ ಸಾಕೆಟ್ 12 ವೋಲ್ಟಿನ ಮಾಮೂಲಿ ಏಳು ಪಿನ್ನಿನದು, ಐಎಸ್‌ಒ 1724 ಅನ್ನುವ ಜಾತಿ. ಪಿನ್ ಪಕ್ಕ ಸಣ್ಣದಾಗಿ ನಂಬರ್ ಇರುತ್ತದೆ, ಟಾರ್ಚ್ ಹಿಡಿದರೆ ಕಾಣುತ್ತದೆ. 1 ಎಡದ ಇಂಡಿಕೇಟರ್, 4 ಬಲದ ಇಂಡಿಕೇಟರ್. 7 ಎಡದ ಟೈಲ್, 5 ಬಲದ ಟೈಲ್. 6 ಬ್ರೇಕ್. 2 ಹಿಂದಿನ ಫಾಗ್ ಲೈಟಿಗೆ ಇರುವುದು, ನಮ್ಮಲ್ಲಿ ಹೆಚ್ಚಾಗಿ ಖಾಲಿ. 3 ಅರ್ತ್, ಅಂದರೆ ಎಲ್ಲ ಲೈಟಿನ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಇಷ್ಟನ್ನು ಒಂದು ರಟ್ಟಿನ ಮೇಲೆ ಬರೆದು ಅಂಗಡಿ ಗೋಡೆಗೆ ಅಂಟಿಸಿದ್ದೇನೆ. ವಯರಿನ ಬಣ್ಣ ನಂಬಬೇಡಿ, ನಂಬರ್ ನಂಬಿ. ಈ ಟ್ರೇಲರಿಗೆ ಯಾರೋ ಮನೆ ವಯರಿಂಗಿನ ಕೆಂಪು ವಯರನ್ನೇ ಏಳಕ್ಕೂ ಎಳೆದಿದ್ದರು. ಇನ್ನೊಂದು ಮಾತು: ಸಾಕೆಟನ್ನು ಎದುರಿನಿಂದ ನೋಡುವುದಕ್ಕೂ ವಯರ್ ಕೂರಿಸುವ ಹಿಂಬದಿಯಿಂದ ನೋಡುವುದಕ್ಕೂ ಎಡ ಬಲ ತಿರುಗಿಬಿಡುತ್ತದೆ. ಎಡಕ್ಕೆ ಹಾಕಿದರೆ ಬಲಕ್ಕೆ ಹೊಡೆಯುವ ಟ್ರೇಲರ್‌ಗಳಲ್ಲಿ ಎಷ್ಟೋ ಸಲ ಇದೇ ಕಾರಣ.

ಬೀಪ್ ಅಂದಿತು, ಆದರೂ ಸರಿ ಇರಲಿಲ್ಲ

ನನ್ನ ಹತ್ತಿರ ಎರಡು ಸಾಮಾನು ಇತ್ತು. ಒಂದು ಮಲ್ಟಿಮೀಟರ್. ಇನ್ನೊಂದು ಹಳೆಯ ಹೋಲ್ಡರಿಗೆ ಎರಡು ವಯರ್ ಬೆಸೆದು ಹಾಕಿದ 21 ವ್ಯಾಟಿನ ಇಂಡಿಕೇಟರ್ ಬಲ್ಬ್. ಎರಡನೆಯದೇ ಈ ಕೇಸನ್ನು ಬಿಡಿಸಿದ್ದು.

ಮೀಟರಿನಲ್ಲಿ ಸಾಕೆಟಿನ 3ನೇ ಪಿನ್ನಿಗೂ ಚಾಸಿಗೂ (ಗಾಡಿಯ ಕಬ್ಬಿಣದ ಚೌಕಟ್ಟು, ಬ್ಯಾಟರಿಯ ಮೈನಸ್ ಅದಕ್ಕೇ ಸೇರಿರುತ್ತದೆ) ಬೀಪ್ ನೋಡಿದೆ. ನಡುವೆ ದಾರಿ ಇದ್ದರೆ ಮೀಟರ್ ಬೀಪ್ ಅನ್ನುತ್ತದೆ. ಚೆನ್ನಾಗಿ ಹೊಡೆಯಿತು. ಎಡದ ಇಂಡಿಕೇಟರ್ ಹಾಕಿಸಿ 1ನೇ ಪಿನ್ನಿಗೂ 3ನೇ ಪಿನ್ನಿಗೂ ವೋಲ್ಟೇಜ್ ಹಿಡಿದೆ. 12.4 ಬರುತ್ತಿತ್ತು, ಹೋಗುತ್ತಿತ್ತು. ಇದನ್ನು ನೋಡಿದವರು ಯಾರಾದರೂ ಸಾಕೆಟ್ ಸರಿ ಇದೆ ಅಂತಲೇ ಹೇಳುತ್ತಾರೆ. ಈ ಮೊದಲು ನೋಡಿದವರೂ ಹಾಗೇ ಅಂದುಕೊಂಡಿರಬೇಕು.

ಆಮೇಲೆ ಅದೇ ಎರಡು ಪಿನ್ನಿನ ನಡುವೆ ನನ್ನ 21 ವ್ಯಾಟಿನ ಬಲ್ಬ್ ಇಟ್ಟೆ. ಬಲ್ಬ್ ಉರಿಯಿತು, ಆದರೆ ಬೆಳ್ಳಗಲ್ಲ. ಒಲೆಯ ಕೆಂಡದ ಹಾಗೆ ಕಿತ್ತಳೆ. ಅದು ಉರಿಯುವಾಗಲೇ ಮೀಟರ್ ಹಿಡಿದರೆ 7.9 ವೋಲ್ಟ್. ಬಲ್ಬಿನ ಒಂದು ವಯರನ್ನು 3ನೇ ಪಿನ್ನಿಂದ ತೆಗೆದು, ಚಾಸಿಯ ಬಣ್ಣ ಕೆರೆದ ಜಾಗಕ್ಕೆ ಒತ್ತಿದೆ. ಫಕ್ಕನೆ ಬೆಳ್ಳಗಾಯಿತು. 12.1. ಅಂದರೆ ಬರುವ ದಾರಿ ಸರಿ ಇದೆ. ವಾಪಸ್ ಹೋಗುವ ದಾರಿಯಲ್ಲಿ 4 ವೋಲ್ಟಿಗೂ ಜಾಸ್ತಿ ತಿಂದುಹೋಗುತ್ತಿದೆ.

ಲೆಕ್ಕ ಹಾಕಿದರೆ ಆ ಅರ್ತ್ ಜಾಯಿಂಟಿನಲ್ಲಿ ಸುಮಾರು 3 ಓಮ್ ಅಡ್ಡ ನಿಂತಿದೆ. ಎಷ್ಟೋ ಮೀಟರ್‌ಗಳು 30 ಓಮ್, ಕೆಲವು 50 ಓಮ್ ಇದ್ದರೂ ಬೀಪ್ ಹೊಡೆಯುತ್ತವೆ. ಅವಕ್ಕೆ 3 ಓಮ್ ಏನೇನೂ ಅಲ್ಲ. ಮನೆಯ ಎಷ್ಟೋ ಕೆಲಸಕ್ಕೆ ಅಷ್ಟು ಸಾಕು. ಆದರೆ 12 ವೋಲ್ಟಿನಲ್ಲಿ 21 ವ್ಯಾಟಿನ ಒಂದೇ ಬಲ್ಬ್ 1.75 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟಿಗೆ 3 ಓಮ್ ಅಂದರೆ ಗೋಡೆ. ಮೀಟರ್ ಹಾಕಿದಾಗ ಕರೆಂಟ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲ, ಹಾಗಾಗಿ ಅದಕ್ಕೆ ಗೋಡೆ ಕಾಣುವುದಿಲ್ಲ. ಗಾಡಿಯ ಲೈಟನ್ನು ಬಲ್ಬಿನ ಭಾರ ಹಾಕಿ, ಅಂದರೆ ಕರೆಂಟ್ ಹರಿಸಿಯೇ ನೋಡಬೇಕು.

ಪಿಕಪ್ಪಿನ ಕೆಳಗೆ ಮಲಗಿ ಅರ್ತ್ ವಯರನ್ನು ಹಿಡಿದುಕೊಂಡು ಹೋದೆ. ಸಾಕೆಟಿನಿಂದ ಹೊರಟು ಒಂದು ಗೇಣಿನ ಆಚೆ, ಟ್ರೇಲರ್ ಎಳೆಯುವ ಹುಕ್ಕಿನ ಬ್ರಾಕೆಟಿಗೆ ಬೋಲ್ಟ್ ಆಗಿತ್ತು. ಬೋಲ್ಟ್ ಬಿಚ್ಚಿದೆ. ಲಗ್ಗಿನ, ಅಂದರೆ ವಯರಿನ ತುದಿಗೆ ಒತ್ತಿದ ಉಂಗುರದ ಕೆಳಗೆ ಬ್ರಾಕೆಟಿನ ಕಪ್ಪು ಬಣ್ಣ ಹಾಗೇ ಇತ್ತು, ಉಂಗುರದ ಗುರುತು ಮಾತ್ರ ಬಿದ್ದಿತ್ತು. ಬಣ್ಣದ ಮೇಲೆಯೇ ಅರ್ತ್ ಕೊಟ್ಟಿದ್ದಾರೆ. ಇಷ್ಟು ದಿನ ಕರೆಂಟ್ ಹೋಗುತ್ತಿದ್ದದ್ದು ಬೋಲ್ಟಿನ ಹಲ್ಲಿನ ಮೂಲಕ. ಆ ಹಲ್ಲಿನಲ್ಲಿ ಈಗ ಇಟ್ಟಿಗೆ ಪುಡಿಯಂಥ ತುಕ್ಕು. ಲಗ್ ಬೆರಳಿಗೆ ಸಿಕ್ಕಿದ ಕೂಡಲೇ ವಯರಿನಿಂದ ಕಳಚಿ ಬಂತು. ಹದಿನೈದಿಪ್ಪತ್ತು ಎಳೆಯ ವಯರಿನಲ್ಲಿ ನಾಲ್ಕೈದು ಎಳೆ ಮಾತ್ರ ಉಳಿದಿತ್ತು. ಅದೂ ಹಸಿರು.

ಬ್ರೇಕ್ ಒತ್ತಿದರೆ ಯಾಕೆ ಆರುತ್ತದೆ

ಮಾಲೀಕರು ಪಕ್ಕದಲ್ಲೇ ಕೂತಿದ್ದರು. "ಅರ್ತ್ ಹೋದ್ರೆ ಲೈಟ್ ಉರಿಯಲೇ ಬಾರದಲ್ಲ, ಇದೆಂತ ಮಿಣುಕುವುದು?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಇದು ಗೊತ್ತಿದ್ದರೆ ಅರ್ಧ ಟ್ರೇಲರ್‌ಗಳ ರೋಗ ದೂರದಿಂದಲೇ ಹೇಳಬಹುದು.

ಹಿಂದಿನ ಕೆಂಪು ಲೈಟಿನ ಬಲ್ಬಿನಲ್ಲಿ ಎರಡು ಫಿಲಮೆಂಟ್ ಇರುತ್ತವೆ. 5 ವ್ಯಾಟಿನದು ಟೈಲಿಗೆ, 21 ವ್ಯಾಟಿನದು ಬ್ರೇಕಿಗೆ. ಎರಡಕ್ಕೂ ವಾಪಸ್ ಹೋಗುವ ದಾರಿ ಒಂದೇ, ಬಲ್ಬಿನ ಹಿತ್ತಾಳೆ ಬುಡ. ಟ್ರೇಲರಿನಲ್ಲಿ ಎಲ್ಲ ಬಲ್ಬಿನ ಬುಡವೂ ಚಾಸಿಗೆ ಸೇರಿ, ಅಲ್ಲಿಂದ ಒಂದೇ ಅರ್ತ್ ವಯರಿನಲ್ಲಿ ಪಿಕಪ್ಪಿಗೆ ಹೋಗುತ್ತದೆ. ಆ ಒಂದು ವಯರ್ ಕೆಟ್ಟರೆ ಎಲ್ಲರೂ ಒಟ್ಟಿಗೆ ಸಿಕ್ಕಿಕೊಂಡ ಹಾಗೆ.

ತೇರಿನ ದಿನ ರಥಬೀದಿಯಲ್ಲಿ ಎದುರಿನ ದಾರಿ ಮುಚ್ಚಿದರೆ ಜನ ಏನು ಮಾಡುತ್ತಾರೆ? ಸಿಕ್ಕಿದ ಓಣಿಯಲ್ಲಿ ನುಗ್ಗಿ ಹೊರಗೆ ಬರುತ್ತಾರೆ. ಕರೆಂಟೂ ಹಾಗೇ. ಎಡದ ಇಂಡಿಕೇಟರಿಗೆ ಬಂದ ಕರೆಂಟಿಗೆ ಅರ್ತ್ ದಾರಿ ಸಾಲದೆ ಹೋದಾಗ ಪಕ್ಕದ ಬ್ರೇಕ್ ಫಿಲಮೆಂಟಿನಲ್ಲಿ ತಿರುಗಾಮುರುಗಾ ಹೋಗಿ, ಬ್ರೇಕ್ ವಯರಿನಲ್ಲಿ ಪಿಕಪ್ಪಿಗೆ ತಲುಪಿ, ಅಲ್ಲಿನ ಬ್ರೇಕ್ ಬಲ್ಬಿನ ಮೂಲಕ ಅರ್ತ್ ಸೇರುತ್ತದೆ. ಟೈಲ್ ಫಿಲಮೆಂಟಿನಲ್ಲೂ ಹಾಗೇ. ಹೋಗುವ ದಾರಿಯಲ್ಲಿರುವ ಬಲ್ಬ್‌ಗಳೆಲ್ಲ ಮಂಕಾಗಿ ಮಿಣುಕುತ್ತವೆ. ಒಂದು ಸ್ವಿಚ್ ಹಾಕಿದಾಗ ಸಂಬಂಧವಿಲ್ಲದ ಲೈಟ್ ಮಿಣುಕಿದರೆ ನಾನು ಬಲ್ಬ್ ಬಿಚ್ಚುವುದೇ ಇಲ್ಲ, ಅರ್ತ್ ಹುಡುಕುತ್ತೇನೆ.

ಬ್ರೇಕಿನದು ಇನ್ನೂ ಕೆಟ್ಟದು. ಬ್ರೇಕ್ ಒತ್ತಿದಾಗ 21 ವ್ಯಾಟಿನ ಎರಡು ಫಿಲಮೆಂಟ್ ಒಟ್ಟಿಗೆ ಕರೆಂಟ್ ಎಳೆಯುತ್ತವೆ. ಅದೆಲ್ಲ ಆ 3 ಓಮಿನ ಇಕ್ಕಟ್ಟಿನಲ್ಲೇ ಹೋಗಬೇಕು. ಟ್ರೇಲರಿನ ಚಾಸಿ ಸೊನ್ನೆಯಲ್ಲಿ ಇರಬೇಕಾದದ್ದು ಸುಮಾರು 6 ವೋಲ್ಟಿಗೆ ಏರಿ ಕೂರುತ್ತದೆ. ಈಗ ಟೈಲ್ ಬಲ್ಬಿಗೆ ಸಿಗುವುದು ಉಳಿದ 6 ವೋಲ್ಟ್ ಮಾತ್ರ. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ಅರ್ಧ ಆದರೆ ಬೆಳಕು ಅರ್ಧ ಆಗುವುದಿಲ್ಲ, ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬ್ರೇಕ್ ಲೈಟಿನದೂ ಅದೇ ಗತಿ. ಹಿಂದಿನಿಂದ ಬರುವವನಿಗೆ ಏನು ಕಾಣುತ್ತದೆ ಅಂತ ಯೋಚಿಸಿ. ಎದುರಿನ ಗಾಡಿ ನಿಧಾನ ಮಾಡಿದ ಅದೇ ಗಳಿಗೆಯಲ್ಲಿ ಅದರ ಕೆಂಪು ಲೈಟ್ ಮಾಯ. ಕಟಪಾಡಿಯ ಆ ಹುಡುಗನ ತಪ್ಪು ಏನೂ ಇರಲಿಲ್ಲ.

ಬಲದ ಇಂಡಿಕೇಟರ್ ಯಾಕೆ ಸರಿ ಇತ್ತು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಅಲ್ಲಿದ್ದ ಎಲ್‌ಇಡಿ ಎರಡು ಮೂರು ವ್ಯಾಟಿನದು, ಎಳೆಯುವುದು ಕಾಲು ಆಂಪಿಯರ್ ಕೂಡ ಇಲ್ಲ. ಅಷ್ಟು ಸಣ್ಣ ಕರೆಂಟ್ ಕೆಟ್ಟ ಅರ್ತಿನಲ್ಲೂ ನುಸುಳಿ ಹೋಗುತ್ತದೆ. ರಿಪೇರಿ ಆಗಿರಲಿಲ್ಲ, ರೋಗ ಅಡಗಿತ್ತು ಅಷ್ಟೇ. ಡ್ರೈವರ್ ಹೇಳಿದ ಹಾಗೆ ಎಡಕ್ಕೂ ಎಲ್‌ಇಡಿ ಹಾಕಿದ್ದರೆ ಮಿಣುಕುವುದು ಕಮ್ಮಿಯಾಗಿ ಎಲ್ಲರಿಗೂ ಸಮಾಧಾನ ಆಗುತ್ತಿತ್ತು. ಬ್ರೇಕ್ ಒತ್ತಿದಾಗ ಆರುವುದು ಮಾತ್ರ ಹಾಗೇ ಉಳಿಯುತ್ತಿತ್ತು.

ಹಂಪ್ ಹಾರಿದಾಗ ಸರಿಯಾಗುವುದು ಹುಕ್ಕಿನಿಂದ. ಟ್ರೇಲರಿನ ರಿಂಗ್ ಹುಕ್ಕಿಗೆ ಗಟ್ಟಿಯಾಗಿ ತಾಗಿದಾಗ ಕಬ್ಬಿಣದಿಂದ ಕಬ್ಬಿಣಕ್ಕೆ ಒಂದು ಅರ್ತ್ ಸಿಗುತ್ತದೆ. "ಹುಕ್ಕೇ ಅರ್ತ್ ಆಗ್ತದಲ್ಲ, ವಯರ್ ಯಾಕೆ?" ಅಂತ ಕೇಳುವವರು ಈಗಲೂ ಇದ್ದಾರೆ. ಆ ರಿಂಗಿಗೆ ಗ್ರೀಸ್ ಹಚ್ಚಿರುತ್ತದೆ, ಮೇಲೆ ತುಕ್ಕು, ಮಣ್ಣು. ಓಡುವಾಗ ಅದು ಆ ಕಡೆ ಈ ಕಡೆ ಕುಣಿಯುತ್ತದೆ. ಎಳೆಯುವುದು ಅದರ ಕೆಲಸ. ಅರ್ತಿಗೆ ಬೇರೆಯೇ ವಯರ್ ಬೇಕು. ಇದರಲ್ಲಿ ನನ್ನದು ಎರಡು ಮಾತಿಲ್ಲ.

ಫ್ಯೂಸ್ ಮತ್ತೆ ಹೋಯಿತು

ಬ್ರಾಕೆಟ್ ಬಿಟ್ಟು ಚಾಸಿಯ ಮೇಲೆ ಹೊಸ ಜಾಗ ಆರಿಸಿದೆ. ಬಣ್ಣ ಕೆರೆದು ಕಬ್ಬಿಣ ಹೊಳೆಯುವ ತನಕ ಎಮರಿ ಹಾಕಿದೆ. ಹೊಸ ಲಗ್ ಕ್ರಿಂಪ್ ಮಾಡಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ಗ್ರೀಸ್ ಬಳಿದೆ. ಪ್ಲಗ್ ಚುಚ್ಚಿ ನೋಡಿದರೆ ಎಲ್ಲ ಲೈಟೂ ಸರಿ. ಬ್ರೇಕ್ ಒತ್ತಿದರೆ ಟೈಲ್ ಅಲ್ಲಾಡುವುದಿಲ್ಲ. ಮಾಲೀಕರು ದುಡ್ಡು ತೆಗೆಯಲು ಕಿಸೆಗೆ ಕೈ ಹಾಕಿದರು. ಅವತ್ತು ರಾತ್ರಿ ಒಂಬತ್ತಕ್ಕೆ ಒಂದು ನೇಮಕ್ಕೆ ಜನರೇಟರ್ ತಲುಪಿಸಬೇಕಿತ್ತು.

ನನಗೆ ಸಮಾಧಾನ ಇರಲಿಲ್ಲ. ಕೆಟ್ಟ ಅರ್ತ್ ಲೈಟನ್ನು ಮಂಕು ಮಾಡುತ್ತದೆ, ಫ್ಯೂಸ್ ಹಾರಿಸುವುದಿಲ್ಲ. ಕರೆಂಟ್ ಕಮ್ಮಿ ಆದಾಗ ಫ್ಯೂಸ್ ಯಾಕೆ ಹೋಗಬೇಕು? ಇನ್ನೂ ಒಂದು ತೊಂದರೆ ಒಳಗೆ ಇದೆ ಅಂತಲೇ ಅರ್ಥ. ಡ್ರೈವರಿಗೆ ಕರಾವಳಿ ಬೈಪಾಸಿನ ತನಕ ಒಂದು ಸುತ್ತು ಹೊಡೆದು ಬರಲು ಹೇಳಿದೆ. ಹತ್ತು ನಿಮಿಷದಲ್ಲಿ ಬಂದ. ಮೀಟರ್ ಬೋರ್ಡಿನ ಲೈಟೂ ಇಲ್ಲ, ಟೈಲೂ ಇಲ್ಲ. ಹಂಪ್ ಹಾರುವಾಗ ಹೋಯಿತಂತೆ. ಕೆಂಪು ಫ್ಯೂಸ್ ಕರಗಿತ್ತು.

ಇನ್ನು ಎಲ್ಲಿ ಹುಡುಕುವುದು? ಫ್ಯೂಸ್ ಹಾಕುತ್ತಾ ಹಾಕುತ್ತಾ ನೋಡಿದರೆ ಫ್ಯೂಸಿನ ಡಬ್ಬಿ ಖಾಲಿಯಾಗುತ್ತದೆ, ಜಾಗ ಸಿಗುವುದಿಲ್ಲ. ಇದಕ್ಕೆ ಒಂದು ಹಳೆಯ ಉಪಾಯ ಉಂಟು. ಪಿಕಪ್ಪನ್ನು ಕಳಚಿ ಬದಿಗಿಟ್ಟೆ. ಬೇರೆ ಬ್ಯಾಟರಿ ತಂದು ಅದರ ಮೈನಸನ್ನು ಟ್ರೇಲರ್ ಪ್ಲಗ್ಗಿನ 3ನೇ ಪಿನ್ನಿಗೆ ಕೊಟ್ಟೆ. ಪ್ಲಸ್ಸನ್ನು ಒಂದು 55 ವ್ಯಾಟಿನ ಹೆಡ್‌ಲೈಟ್ ಬಲ್ಬಿನ ಮೂಲಕ 7ನೇ ಪಿನ್ನಿಗೆ ಕೊಟ್ಟೆ. ಹೀಗೆ ಮಾಡಿದರೆ ಎಲ್ಲ ಸರಿ ಇರುವಾಗ ಟೈಲ್ ಉರಿಯುತ್ತದೆ, ಹೆಡ್‌ಲೈಟ್ ಬಲ್ಬ್ ಸುಮ್ನೆ ಇರುತ್ತದೆ. 5 ವ್ಯಾಟಿನ ಕರೆಂಟಿಗೆ ಅದು ಬಿಸಿ ಕೂಡ ಆಗುವುದಿಲ್ಲ. ವಯರ್ ಎಲ್ಲಾದರೂ ಚಾಸಿಗೆ ತಾಗಿತೋ, ಹೆಡ್‌ಲೈಟ್ ಬಲ್ಬ್ ಪೂರ್ತಿ ಉರಿಯುತ್ತದೆ. ಕರೆಂಟ್ ನಾಲ್ಕೂವರೆ ಐದು ಆಂಪಿಯರಿನ ಮೇಲೆ ಹೋಗಲು ಆ ಬಲ್ಬೇ ಬಿಡುವುದಿಲ್ಲ. ಫ್ಯೂಸ್ ಸುಡುವುದಿಲ್ಲ, ವಯರ್ ಸುಡುವುದಿಲ್ಲ, ತಾಗಿದ ಗಳಿಗೆ ಕಣ್ಣಿಗೆ ಕಾಣುತ್ತದೆ.

5ನೇ ಪಿನ್ನಿಗೆ ಕೊಟ್ಟು ಟ್ರೇಲರ್ ಅಲ್ಲಾಡಿಸಿದೆವು, ಏನೂ ಆಗಲಿಲ್ಲ. ಬಲದ ಟೈಲ್ ನಿರಾಳ. 7ಕ್ಕೆ ಕೊಟ್ಟು ಅಲ್ಲಾಡಿಸಿದಾಗ ಹೆಡ್‌ಲೈಟ್ ಬಲ್ಬ್ ಒಮ್ಮೆ ಛಕ್ ಅಂದಿತು. ಅಷ್ಟು ಹೊತ್ತಿಗೆ ಕತ್ತಲಾಗಿತ್ತು, ಅಂಗಡಿ ಗೋಡೆ ಪೂರ್ತಿ ಬೆಳಗಿ ಮತ್ತೆ ಕತ್ತಲಾಯಿತು. ಎಡದ ಟೈಲಿನ ವಯರನ್ನು ಮುಂದಿನಿಂದ ಒಂದೊಂದು ಗೇಣು ಹಿಡಿದು ಅಲ್ಲಾಡಿಸುತ್ತಾ ಹೋದೆ. ಡ್ರೈವರ್ ಬಲ್ಬ್ ನೋಡುತ್ತಾ ಕೂತ. ಆಕ್ಸಲ್ ದಾಟಿ, ವಯರ್ ಚಾಸಿಯ ಪೈಪಿನೊಳಗೆ ನುಗ್ಗುವ ತೂತಿನ ಹತ್ತಿರ ಕೈ ಇಟ್ಟ ಕೂಡಲೇ "ಅಲ್ಲೇ ಅಣ್ಣ, ಅಲ್ಲೇ!" ಅಂದ.

ತೂತಿನಲ್ಲಿ ಗ್ರೋಮೆಟ್, ಅಂದರೆ ವಯರನ್ನು ಅಂಚಿನಿಂದ ಕಾಯುವ ರಬ್ಬರ್ ಬಳೆ ಇರಲಿಲ್ಲ. ಇದ್ದದ್ದು ಯಾವಾಗಲೋ ಬಿದ್ದುಹೋಗಿದೆ. ಡ್ರಿಲ್ ಮಾಡಿದ ತೂತಿನ ಅಂಚು ಗರಗಸದ ಹಲ್ಲಿನ ಹಾಗೆ ಕೈಗೆ ಸಿಗುತ್ತಿತ್ತು. ವಯರಿನ ಪ್ಲಾಸ್ಟಿಕ್ ಅಕ್ಕಿ ಕಾಳಿನಷ್ಟು ಉದ್ದಕ್ಕೆ ಸವೆದು ಹೋಗಿದೆ. ಈ ಟ್ರೇಲರ್ ರಸ್ತೆಯಲ್ಲಿ ಕುಲುಕುವುದು ಮಾತ್ರ ಅಲ್ಲ, ನಿಂತಲ್ಲೂ ರಾತ್ರಿಯಿಡೀ ಇಂಜಿನ್ ಓಡುತ್ತದೆ. ಆ ನಡುಕದಲ್ಲಿ ವಯರ್ ಗಂಟೆಗಟ್ಟಲೆ ಆ ಅಂಚಿಗೆ ಉಜ್ಜುತ್ತಿರುತ್ತದೆ. ಬೇರೆ ಸಾಮಾನಿನ ಟ್ರೇಲರಿಗೆ ಐದು ವರ್ಷ ಬಾಳುವ ವಯರ್ ಜನರೇಟರ್ ಟ್ರೇಲರಿನಲ್ಲಿ ಅಷ್ಟು ಬಾಳುವುದಿಲ್ಲ.

ಸವೆದ ಜಾಗದ ಆಚೆ ಈಚೆ ಪ್ಲಾಸ್ಟಿಕ್ ಸುಲಿದು ನೋಡಿದೆ. ತಾಮ್ರ ಕಪ್ಪಾಗಿದೆ. ಇನ್ನೂ ಸುಲಿದೆ, ಇನ್ನೂ ಕಪ್ಪು, ಮೇಲೆ ಹಸಿರು ಪುಡಿ. ಒಂದು ಗೇಣು ಸುಲಿದ ಮೇಲೆಯೂ ಕೆಂಪು ತಾಮ್ರ ಸಿಗಲಿಲ್ಲ. ಇದು ಉಪ್ಪಿನ ಕೆಲಸ. ಟ್ರೇಲರ್ ನಿಲ್ಲಿಸುವುದು ಕಲ್ಮಾಡಿಯಲ್ಲಿ, ಸಮುದ್ರದ ಗಾಳಿ ನೇರ ಹೊಡೆಯುವ ಜಾಗ. ದಿನಾ ಓಡುವುದು ಮಲ್ಪೆ ಬಂದರಿನಿಂದ ಬರುವ ಮೀನಿನ ಲಾರಿಗಳ ಹಿಂದೆ. ಆ ಲಾರಿಗಳಿಂದ ಉಪ್ಪು ನೀರು ಸೋರಿ ರಸ್ತೆ ಯಾವಾಗಲೂ ಒದ್ದೆ. ಚಕ್ರ ಎರಚಿದ ನೀರು ಸೀದಾ ಈ ತೂತಿಗೆ. ಪ್ಲಾಸ್ಟಿಕ್ಕಿನಲ್ಲಿ ಒಂದು ಸಣ್ಣ ಬಿರುಕು ಸಿಕ್ಕರೆ ಸಾಕು, ತಾಮ್ರದ ಎಳೆಗಳ ಸಂದಿಯಲ್ಲಿ ನೀರು ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಒಳಗೆ ಏರುತ್ತದೆ. ಹೊರಗಿನಿಂದ ವಯರ್ ಹೊಸದರ ಹಾಗೇ ಕಾಣುತ್ತದೆ.

ಗಂಟೆ ಏಳೂವರೆ ಆಗಿತ್ತು. ಕೊಳೆತ ವಯರಿಗೆ ಟೇಪ್ ಸುತ್ತಿ ಕಳಿಸಲು ಮನಸ್ಸು ಬರಲಿಲ್ಲ. ಎಡದ ಟೈಲಿಗೆ ಪ್ಲಗ್ಗಿನಿಂದ ಲೈಟಿನ ತನಕ ಬೇರೆ ಒಂದು ವಯರ್ ಎಳೆದು ಚಾಸಿಯ ಹೊರಗಿನಿಂದಲೇ ಕಟ್ಟಿದೆ. ಹಳೆಯದನ್ನು ಎರಡೂ ತುದಿಯಲ್ಲಿ ಕತ್ತರಿಸಿ ಬಿಟ್ಟೆ. "ಇವತ್ತಿಗೆ ಇದು. ಸೋಮವಾರ ಟ್ರೇಲರ್ ಖಾಲಿ ಮಾಡಿ ತನ್ನಿ, ಪೂರ್ತಿ ವಯರ್ ತೆಗೆಯುವ" ಅಂದೆ. ಎಂಟು ಗಂಟೆಗೆ ಹೊರಟರು.

ಸೋಮವಾರದ ಕೆಲಸ

ಹಳೆಯ ವಯರ್ ಪೂರ್ತಿ ಎಳೆದು ಬಿಸಾಡಿದೆ. ಏಳು ಕೋರಿನ ಟ್ರೇಲರ್ ಕೇಬಲ್ ತಂದೆ. ಲೈಟ್‌ಗಳಿಗೆ ಹೋಗುವ ವಯರ್ 1 ಸ್ಕ್ವೇರ್ ಎಂಎಂ, ಅರ್ತ್ ಮಾತ್ರ 2.5. ಅರ್ತಿಗೆ ದಪ್ಪ ವಯರ್ ಯಾಕೆ ಅಂದರೆ, ಬೇರೆ ಪ್ರತಿಯೊಂದು ವಯರ್ ತನ್ನ ಲೈಟಿನ ಕರೆಂಟ್ ಮಾತ್ರ ಹೊರುತ್ತದೆ, ಅರ್ತ್ ಎಲ್ಲರದ್ದೂ ಹೊರಬೇಕು. ಎರಡು ಬ್ರೇಕ್, ಎರಡು ಟೈಲ್, ಒಂದು ಇಂಡಿಕೇಟರ್ ಒಟ್ಟಿಗೆ ಉರಿದರೆ ಸುಮಾರು 6 ಆಂಪಿಯರ್ ವಾಪಸ್ ಬರುತ್ತದೆ. ಆರು ಮೀಟರ್ ಉದ್ದದ 1 ಸ್ಕ್ವೇರ್ ವಯರಿನಲ್ಲಿ ಅಷ್ಟಕ್ಕೇ ಅರ್ಧ ವೋಲ್ಟಿಗಿಂತ ಜಾಸ್ತಿ ಹೋಗುತ್ತದೆ. 2.5ರಲ್ಲಿ ಕಾಲು ವೋಲ್ಟ್.

ಇನ್ನೊಂದು ಬದಲಾವಣೆ ಮಾಡಿದೆ. ಮೊದಲು ಲೈಟಿನ ತಗಡನ್ನು ಚಾಸಿಗೆ ಸ್ಕ್ರೂ ಮಾಡಿದ್ದೇ ಅದರ ಅರ್ತ್ ಆಗಿತ್ತು. ಸ್ಕ್ರೂ ತುಕ್ಕು ಹಿಡಿದರೆ ಮತ್ತೆ ಅದೇ ಹಾಡು. ಪ್ರತಿ ಲೈಟಿನ ಬುಡದಿಂದ ಬೇರೆ ಅರ್ತ್ ವಯರ್ ತಂದು ಒಂದೇ ಕಡೆ ಸೇರಿಸಿದೆ. ಜಾಯಿಂಟ್‌ಗಳಿಗೆಲ್ಲ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಅಂಟು ಕರಗಿ ಒಂದು ಸಣ್ಣ ಮಣಿಯ ಹಾಗೆ ಹೊರಗೆ ಬರಬೇಕು. ಆ ಮಣಿ ಕಾಣದಿದ್ದರೆ ನೀರು ಹೋಗುತ್ತದೆ ಅಂತಲೇ ಲೆಕ್ಕ. ಬರೀ ಇನ್ಸುಲೇಷನ್ ಟೇಪ್ ನಮ್ಮ ಒಂದು ಮಳೆಗಾಲ ತಡೆಯುವುದಿಲ್ಲ. ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ ಬೀಳುವ ಊರು ಇದು. ತೂತುಗಳ ಅಂಚನ್ನು ಫೈಲಿನಿಂದ ನಯ ಮಾಡಿ ಹೊಸ ಗ್ರೋಮೆಟ್ ಕೂರಿಸಿದೆ. ಕೇಬಲ್ ಲೈಟಿನೊಳಗೆ ಹೋಗುವ ಮೊದಲು ಕೆಳಗೆ ಒಂದು ಸಣ್ಣ ಬಳ್ಳಿಯ ಹಾಗೆ ಇಳಿಬಿಟ್ಟೆ. ಕೇಬಲ್ ಹಿಡಿದು ಬರುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ.

ಕೇಬಲ್ ಎಷ್ಟು ಉದ್ದ ಬಿಡಬೇಕು ಅನ್ನುವುದನ್ನು ಟೇಪ್ ಹಿಡಿದು ಹೇಳಲು ಆಗುವುದಿಲ್ಲ. ಪಿಕಪ್ಪಿನ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ರಿವರ್ಸ್ ತೆಗೆಸಿದೆ, ಆಮೇಲೆ ಪೂರ್ತಿ ಬಲಕ್ಕೆ. ಎರಡೂ ಕಡೆ ಕೇಬಲ್ ಬಿಗಿಯಬಾರದು, ನೇರ ನಿಂತಾಗ ನೆಲಕ್ಕೂ ತಾಗಬಾರದು. ಟ್ರೇಲರ್ ಕಳಚಿಟ್ಟಾಗ ಪ್ಲಗ್ ನೆಲಕ್ಕೆ ಬೀಳದ ಹಾಗೆ ಟ್ರೇಲರಿನ ಮೂತಿಗೇ ಒಂದು ಖಾಲಿ ಸಾಕೆಟ್ ಕೂರಿಸಿ, ಅಲ್ಲಿ ಚುಚ್ಚಿಡಲು ಹೇಳಿದೆ. ಎಡ ಬಲ ಎರಡಕ್ಕೂ 21 ವ್ಯಾಟಿನ ಒಂದೇ ಜಾತಿ ಇಂಡಿಕೇಟರ್ ಬಲ್ಬ್ ಹಾಕಿದೆ. ಹಿಂದೆ ಎರಡು ಕೆಂಪು ರಿಫ್ಲೆಕ್ಟರ್ ಕೂಡ. ಅದಕ್ಕೆ ಕರೆಂಟೇ ಬೇಡ, ಎಲ್ಲ ಕೆಟ್ಟ ದಿನವೂ ಹಿಂದಿನವನ ಹೆಡ್‌ಲೈಟಿಗೆ ಹೊಳೆಯುತ್ತದೆ.

ಕೊನೆಗೆ ಎಲ್ಲ ಲೈಟೂ ಹಾಕಿಸಿ, ಬ್ರೇಕ್ ಒತ್ತಿಸಿ ಹಿಡಿದು, ಟ್ರೇಲರಿನ ಹಿಂದಿನ ಲೈಟಿನ ಬುಡಕ್ಕೂ ಪಿಕಪ್ ಬ್ಯಾಟರಿಯ ಮೈನಸಿಗೂ ಮೀಟರ್ ಹಿಡಿದೆ. ಉದ್ದದ ವಯರ್ ಬೇಕಾಯಿತು ಇದಕ್ಕೆ. 0.3 ವೋಲ್ಟ್. ಪಿಕಪ್ಪಿನ ಆ ಕೆಟ್ಟ ಜಾಯಿಂಟ್ ಒಂದರಲ್ಲೇ, ಅದೂ ಒಂದೇ ಬಲ್ಬಿಗೆ, 4 ವೋಲ್ಟ್ ಹೋಗುತ್ತಿತ್ತು.

ಮಳೆ ಮುಗಿದ ಮೇಲೆ

ಅಕ್ಟೋಬರಿನಲ್ಲಿ ಸೀಸನ್ ಶುರುವಾಗುವ ಮೊದಲು ಟ್ರೇಲರನ್ನು ಒಮ್ಮೆ ತೋರಿಸಿ ಅಂತ ಹೇಳಿದ್ದೆ. ನೆನಪಿಟ್ಟು ತಂದರು. ಅರ್ತ್ ಅಳೆದೆ, 0.3 ಇದ್ದದ್ದು 0.4 ಆಗಿತ್ತು. ಪಿಕಪ್ಪಿನ ಸಾಕೆಟಿನ ಮುಚ್ಚಳದ ಸ್ಪ್ರಿಂಗ್ ತುಂಡಾಗಿ ಬಾಯಿ ತೆರೆದೇ ಇತ್ತು. 6ನೇ ಪಿನ್ನಿನ ಬುಡದಲ್ಲಿ ತಿಳಿ ಹಸಿರು ಪುಡಿ ಕೂತಿತ್ತು. ಬ್ರೇಕ್ ಇನ್ನೂ ಉರಿಯುತ್ತಿತ್ತು, ಆದರೆ ಆ ಪುಡಿ ಅಲ್ಲಿಗೇ ನಿಲ್ಲುವುದಿಲ್ಲ. ಪಿನ್ ಉಜ್ಜಿ ಸಾಫ್ ಮಾಡಿ, ಸಾಕೆಟ್ ಬದಲಿಸಿ, ಒಳಗೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಅರ್ಧ ಗಂಟೆಯ ಕೆಲಸ.

ಡ್ರೈವರ್ ಹುಡುಗ ಡ್ಯಾಶ್‌ಬೋರ್ಡ್ ಪೆಟ್ಟಿಗೆ ತೆಗೆದು ತೋರಿಸಿದ. ಒಂದು ಹೋಲ್ಡರಿಗೆ ಎರಡು ವಯರ್ ಬೆಸೆದ 21 ವ್ಯಾಟಿನ ಬಲ್ಬ್, ಪಕ್ಕದಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಐದಾರು ಫ್ಯೂಸ್, ಎಲ್ಲ ಕೆಂಪು. ಸಂಜೆ ಹೊರಡುವ ಮೊದಲು ಮಾಲೀಕರು ಹಿಂದೆ ನಿಂತರು, ಅವನು ಒಂದೊಂದಾಗಿ ಸ್ವಿಚ್ ಹಾಕಿದ. ಎಡ. ಬಲ. ಟೈಲ್. ಟೈಲ್ ಉರಿಯುತ್ತಿರುವಾಗಲೇ ಬ್ರೇಕ್ ಒತ್ತಿದ.

"ಹಾಂ, ಉಂಟು. ಎರಡೂ ಉಂಟು" ಅಂತ ಹಿಂದಿನಿಂದ ಕೂಗಿದರು. ಹೆಬ್ರಿ ಕಡೆ ಒಂದು ಮದುವೆಗೆ ಜನರೇಟರ್ ಹೋಗಬೇಕಿತ್ತು, ಬೇಗ ಹೊರಟರು.